ರಣರಂಗಕ್ಕೆ ಮೊದಲು ಒಲೆ ಹತ್ತಿರ ಬನ್ನಿ

ಪ್ರಶ್ನೆ: ಮೇಡಂ, ನಾವು ದಾವಣಗೆರೆಯವರು. ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಕಳೆದ ಬೇಸಿಗೆಯಲ್ಲಿ ಹಳೇ ಕಾಲದ ಯುದ್ಧವನ್ನು ವೇಷ ಹಾಕಿ, ಬಯಲಲ್ಲಿ ಮತ್ತೆ ಮಾಡಿ ತೋರಿಸುವ ಪ್ರದರ್ಶನ ನೋಡಲು ಹೋಗಿದ್ದೆವು. ಅವತ್ತಿನಿಂದ ನಮ್ಮ ಮನೆಯವರಿಗೂ 11 ವರ್ಷದ ಮಗನಿಗೂ ಅದೇ ಗುಂಗು. ನಾವೂ ಸೇರೋಣ ಅಂತಾರೆ. 7 ವರ್ಷದ ಮಗಳಿದ್ದಾಳೆ. ನಾವು ಮಾಂಸ ತಿನ್ನುವುದಿಲ್ಲ. ಖರ್ಚು ಎಷ್ಟೋ ಗೊತ್ತಿಲ್ಲ. ಅಷ್ಟು ಜನ ಇಂಗ್ಲಿಷರ ನಡುವೆ ನಾವು ಹೇಗೆ ಕಾಣುತ್ತೇವೋ ಅನ್ನೋ ಅಳುಕು ಬೇರೆ. ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದು: ಜನ ಸತ್ತ ಯುದ್ಧವನ್ನು ಮಕ್ಕಳ ಕೈಗೆ ಆಟ ಮಾಡಿ ಕೊಡುವುದು ಸರಿಯಾ?
- ಹೆಸರು ಬೇಡ, ರೆಡಿಂಗ್

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಹದಿನಾಲ್ಕು ವರ್ಷದ ಹಿಂದೆ ನಾನೂ ಅದನ್ನೇ ಕೇಳಿದ್ದೆ. ನಾವಿರುವುದು ಚೆಷೈರ್‌ನಲ್ಲಿ, ನಾಂಟ್‌ವಿಚ್ ಹತ್ತಿರ. ನಮ್ಮ ಮಗಳಿಗೆ ಆಗ ಒಂಬತ್ತು.

ನಿಮ್ಮೂರಿಂದ ನ್ಯೂಬರಿ ದೂರವಿಲ್ಲ. ಒಂದು ಭಾನುವಾರ ಮಕ್ಕಳನ್ನು ಅಲ್ಲಿನ ವಾಷ್ ಕಾಮನ್‌ಗೆ ಕರೆದುಕೊಂಡು ಹೋಗಿ. ಚಾರ್ಲ್ಸ್ ದೊರೆಯ ಕಡೆಯವರಿಗೂ ಪಾರ್ಲಿಮೆಂಟಿನ ಕಡೆಯವರಿಗೂ ನಡೆದ ಅಂತರ್ಯುದ್ಧದಲ್ಲಿ, 1643ರ ಸೆಪ್ಟೆಂಬರ್ 20ರಂದು ಅಲ್ಲಿ ದೊಡ್ಡ ಕಾಳಗವಾಯಿತು. ಫಾಕ್‌ಲಂಡ್ ಅನ್ನುವವನ ಸ್ಮಾರಕ ಅಲ್ಲಿದೆ. ಅವನು ದೊರೆಯ ಮಂತ್ರಿ. ಆದರೆ ಈ ಯುದ್ಧ ನಿಂತರೆ ಸಾಕು ಅಂತ ಒಳಗೊಳಗೇ ಬೆಂದವನು. ಅವತ್ತು ಬೇಲಿಯ ಕಿಂಡಿಯೊಂದರತ್ತ ಕುದುರೆ ಓಡಿಸಿದ, ಗುಂಡು ತಗುಲಿ ಸತ್ತ. ಮೂವತ್ಮೂರರ ಆಸುಪಾಸಿನ ವಯಸ್ಸು. ಇದನ್ನು ಮಗನಿಗೆ ಅಲ್ಲೇ ನಿಂತು ಹೇಳಿ. ಆಮೇಲೆ ಅವನು ಪ್ರದರ್ಶನ ನೋಡುವ ಕಣ್ಣೇ ಬೇರೆಯಾಗುತ್ತದೆ. ನಮ್ಮ ನಾಂಟ್‌ವಿಚ್‌ನಲ್ಲೂ ಜನವರಿಯಲ್ಲಿ 1644ರ ಕಾಳಗವನ್ನು ಮಾಡಿ ತೋರಿಸುತ್ತಾರೆ. ಊರವರು ಹಾಲಿ ಅನ್ನುವ ಮುಳ್ಳೆಲೆಯ ಗಿಡದ ಒಂದು ಕುಡಿ ಸಿಕ್ಕಿಸಿಕೊಂಡು ಬರುತ್ತಾರೆ. ಸತ್ತವರ ನೆನಪಿಗೆ ಪುಷ್ಪಚಕ್ರ ಇಡುವುದೂ ಅವತ್ತಿನ ಕಾರ್ಯಕ್ರಮದಲ್ಲೇ ಇದೆ. ಆಗ ಡೋಲು ನಿಲ್ಲುತ್ತದೆ, ಅಷ್ಟು ಹೊತ್ತು ಕೂಗಾಡಿದವರೆಲ್ಲ ಟೋಪಿ ಕೈಯಲ್ಲಿ ಹಿಡಿದು ಸುಮ್ಮನಿರುತ್ತಾರೆ. ನನ್ನ ಮಗಳು ಮೊದಲ ಸಲ ನನ್ನ ಸೆರಗು ಹುಡುಕುವ ಹಾಗೆ ಕೈ ಹಿಡಿದದ್ದು ಆ ಹೊತ್ತಿನಲ್ಲಿ. ಯುದ್ಧ ಅಂದರೆ ಏನು ಅಂತ ಅವಳಿಗೆ ನಾನು ಬೇರೆ ಹೇಳಬೇಕಾಗಲಿಲ್ಲ.

ಇನ್ನು ಸೇರುವ ವಿಷಯ. ಆ ಅಂತರ್ಯುದ್ಧದ ಕಾಳಗಗಳನ್ನು ಮಾಡಿ ತೋರಿಸುವುದಕ್ಕೆ ಇಲ್ಲಿ ಹೆಸರಾದ ಸಂಘ ಸೀಲ್ಡ್ ನಾಟ್. 1968ರಲ್ಲಿ ಬ್ರಿಗೇಡಿಯರ್ ಪೀಟರ್ ಯಂಗ್ ಶುರು ಮಾಡಿದ್ದು. ಅದರೊಳಗೆ ರೆಜಿಮೆಂಟುಗಳಿವೆ, ನೀವು ಸೇರುವುದು ಒಂದು ರೆಜಿಮೆಂಟಿಗೆ. ಹೆಸರು ಕೇಳಿ ಹೆದರಬೇಡಿ. ಅದೊಂದು ದೊಡ್ಡ ಕುಟುಂಬದ ಹಾಗೆ. ಮನೆಯಿಂದ ಹೋಗಿ ಬರಲು ಅನುಕೂಲವಾಗುವ, ಮಕ್ಕಳಿರುವ ರೆಜಿಮೆಂಟನ್ನೇ ಹುಡುಕಿ. ಒಂದೆರಡು ಸಲ ಸುಮ್ನೆ ಹೋಗಿ, ಅವರ ಜೊತೆ ಊಟ ಮಾಡಿ ಬನ್ನಿ. ರಾತ್ರಿ ಬಿಡಾರದಲ್ಲಿ ಅವರು ಮಕ್ಕಳ ಜೊತೆ ಹೇಗಿರುತ್ತಾರೆ ನೋಡಿ. ನಾನಾದರೆ ಅದರ ಮೇಲೇ ತೀರ್ಮಾನ ಮಾಡುತ್ತೇನೆ.

ಮೊದಲ ವರ್ಷ ಏನೂ ಕೊಳ್ಳಬೇಡಿ. ಹೊಸಬರಿಗೆ ಅಂತ ರೆಜಿಮೆಂಟಿನಲ್ಲಿ ಬಟ್ಟೆ, ಸಾಮಾನು ಇಟ್ಟಿರುತ್ತಾರೆ, ಕೇಳಿದರೆ ಕೊಡುತ್ತಾರೆ. ನಾನು ಆತುರ ಮಾಡಿ ಅಂಗಡಿಯೊಂದರಿಂದ ಲಂಗ ತರಿಸಿದೆ. ಉಣ್ಣೆ ಅಂತ ಹೇಳಿ ಕೊಟ್ಟಿದ್ದರು. ಎರಡನೇ ದಿನ ಒಲೆಯಿಂದ ಒಂದು ಕಿಡಿ ಹಾರಿ ಬಿತ್ತು. ಬಟ್ಟೆ ಕರಗಿ, ಮೊಳಕಾಲಿನ ಮೇಲೆ ಅಂಟಿಕೊಂಡಿತು. ಆ ಕಲೆ ಇನ್ನೂ ಇದೆ. ನಿಜವಾದ ಉಣ್ಣೆಗೆ ಬೆಂಕಿ ಬೇಗ ಹತ್ತುವುದಿಲ್ಲ, ಕಿಡಿ ಬಿದ್ದರೂ ಅಲ್ಲೇ ಕರಕಲಾಗಿ ನಿಲ್ಲುತ್ತದೆ. ನೈಲಾನು, ಪಾಲಿಯೆಸ್ಟರು ಹಾಗಲ್ಲ. ಅದಕ್ಕೇ ಮಕ್ಕಳಿಗೆ ಒಳಗೆ ನಾರುಬಟ್ಟೆ ಅಂದರೆ ಲಿನನ್, ಮೇಲೆ ಅಪ್ಪಟ ಉಣ್ಣೆ. ಇದರಲ್ಲಿ ಮಾತ್ರ ಉಳಿತಾಯ ಬೇಡ. ಬಟ್ಟೆಯ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯ ಹಾಗಾದರೆ ವಾಪಸ್ ಕೊಡಿ.

ಊಟದ ಚಿಂತೆ ಬಿಡಿ. ಆ ಕಾಲದ ಬಡವರ ಊಟ ಅಂದರೆ ಪಾಟೇಜ್. ಬಟಾಣಿ, ಬಾರ್ಲಿ, ಎಲೆಕೋಸು, ಈರುಳ್ಳಿ ಹಾಕಿ ಕುದಿಸಿದ ಗಂಜಿ. ಮಾಂಸ ಹಾಕದೆ ಮಾಡಿದರೆ ಯಾರೂ ತಪ್ಪು ಹುಡುಕುವುದಿಲ್ಲ. ಹಸಿಮೆಣಸಿನಕಾಯಿ, ಟೊಮೆಟೊ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ, ಆಗ ಇಲ್ಲಿನ ಬಡವರ ಅಡುಗೆಯಲ್ಲಿ ಅವು ಇರಲಿಲ್ಲ. ಕರಿಮೆಣಸು ಹಾಕಬಹುದು. ನಾನು ಕಬ್ಬಿಣದ ಪಾತ್ರೆಗೆ ಮೆಣಸು ಕುಟ್ಟಿ ಹಾಕುವಾಗ ನೋಡಲು ಬಂದವರು ನಿಂತು ಮಾತಾಡಿಸುತ್ತಾರೆ. ಆಗ ಅವರಿಗೆ ಒಂದು ಕತೆ ಹೇಳುತ್ತೇನೆ. 1640ರಲ್ಲಿ ಇದೇ ಚಾರ್ಲ್ಸ್ ದೊರೆಗೆ ದುಡ್ಡಿನ ಮುಗ್ಗಟ್ಟು ಬಂತು. ಈಸ್ಟ್ ಇಂಡಿಯಾ ಕಂಪನಿಯ ಮೆಣಸನ್ನು ಸಾಲಕ್ಕೆ ಕೊಂಡ, ಕೊಂಡದ್ದಕ್ಕಿಂತ ಕಡಿಮೆಗೆ ನಗದಿಗೆ ಮಾರಿಬಿಟ್ಟ. ನಮ್ಮ ಕಾರವಾರದಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕೋಠಿ ಹಾಕಿದ್ದೂ ಅದೇ ಸುಮಾರಿಗೆ, 1638ರಲ್ಲಿ. ಹೇಗೆ ಕಾಣುತ್ತೇವೋ ಅಂತ ಕೇಳಿದಿರಲ್ಲ, ಈ ಕತೆ ಹೇಳಿದ ಮೇಲೆ ನಾನು ಅಲ್ಲಿ ಯಾಕಿದ್ದೇನೆ ಅಂತ ಯಾರೂ ಕೇಳಿಲ್ಲ. 1616ರಲ್ಲೇ ಬಂಗಾಳ ಕೊಲ್ಲಿ ಕಡೆಯ ಹುಡುಗನೊಬ್ಬನಿಗೆ ಲಂಡನ್ನಿನ ಚರ್ಚಿನಲ್ಲಿ ಪೀಟರ್ ಅಂತ ಹೆಸರಿಟ್ಟ ದಾಖಲೆ ಇದೆ. ನಮ್ಮ ಬಣ್ಣದವರು ಈ ನೆಲಕ್ಕೆ ನಿನ್ನೆ ಮೊನ್ನೆ ಬಂದವರಲ್ಲ.

ಮಗಳಿಗೆ ಏನು ಕೆಲಸ ಅಂತ ಯೋಚಿಸುತ್ತಿರಬಹುದು. ನಮ್ಮ ತಿಪಟೂರಿನ ಅಮ್ಮ ಒಂದು ಬೇಸಿಗೆಗೆ ಇಲ್ಲಿಗೆ ಬಂದಿದ್ದರು. ಬಿಡಾರದಲ್ಲಿ ಒಬ್ಬ ಹೆಂಗಸು ಮರದ ಕದಿರು ಇಳಿಬಿಟ್ಟು ಉಣ್ಣೆ ನೂಲುತ್ತಿದ್ದಳು. ಅಮ್ಮ ಅದನ್ನು ನೋಡಿ, "ಅಯ್ಯೋ, ಇದು ತಕಲಿ ಕಣೇ" ಅಂದರು. ಸ್ಕೂಲಿನಲ್ಲಿ ಹತ್ತಿ ನೂತ ಕೈ. ಉಣ್ಣೆ ಬೇಗ ಹದಕ್ಕೆ ಬರಲಿಲ್ಲ, ಎಳೆ ನಾಲ್ಕು ಸಲ ತುಂಡಾಯಿತು. ಐದನೇ ಸಲ ಬೆರಳಿಗೆ ಹಳೇ ಅಭ್ಯಾಸ ಮರಳಿತು. ಭಾಷೆ ಬಾರದ ಇಬ್ಬರೂ ಸಂಜೆವರೆಗೆ ಜೊತೆಯಲ್ಲಿ ಕೂತು ನೂತರು. ನನ್ನ ಮಗಳು ಅಜ್ಜಿ ಪಕ್ಕ ಕೂತು ಕಲಿತಳು. ಅವಳು ಹೊಸೆದ ಆ ಮೊದಲ ದಾರ, ಗಂಟುಗಂಟಾಗಿ, ನನ್ನ ಪೆಟ್ಟಿಗೆಯಲ್ಲಿದೆ. ನಿಮ್ಮ ಅಮ್ಮನೋ ಅತ್ತೆಯೋ ಬಂದಾಗ ತಪ್ಪದೆ ಕರೆದುಕೊಂಡು ಹೋಗಿ.

ಪ್ರಶ್ನೆ: ಆಂಟಿ, ನನಗೆ 14 ವರ್ಷ. ಯುದ್ಧದ ಪ್ರದರ್ಶನದಲ್ಲಿ ನಮ್ಮಪ್ಪ ಪೈಕ್, ಅಂದರೆ ಉದ್ದನೆಯ ಈಟಿ ಹಿಡಿಯುತ್ತಾರೆ. ನನಗೆ ಕೋವಿ ಬೇಕು. ಬರೀ ನೀರು ತಂದುಕೊಡು ಅಂತಾರೆ. ಯಾವಾಗ ಕೊಡುತ್ತಾರೆ?
- ಮ್ಯಾಂಚೆಸ್ಟರ್‌ನಿಂದ ಒಬ್ಬ ಹುಡುಗ

ಉತ್ತರ: ಪುಟ್ಟ, ನಿನ್ನ ಬೇಜಾರು ಅರ್ಥವಾಗುತ್ತದೆ. ಆದರೆ ಆ ಕೋವಿ ಆಟಿಕೆಯಲ್ಲ. ಗುಂಡು ಹಾಕುವುದಿಲ್ಲ ನಿಜ, ಒಳಗಿರುವ ಮದ್ದು ಮಾತ್ರ ನಿಜವಾದದ್ದೇ. ಇದ್ದಿಲು, ಗಂಧಕ, ಪೆಟ್ಲುಪ್ಪು. ಅದನ್ನು ಇಟ್ಟುಕೊಳ್ಳಲೂ ಕೋವಿ ಇಟ್ಟುಕೊಳ್ಳಲೂ ಇಲ್ಲಿ ಪೊಲೀಸರ ಪರವಾನಗಿ ಬೇಕು. ಒಂದು ಕೈಯಲ್ಲಿ ಮದ್ದು, ಅದೇ ಹೊತ್ತಿಗೆ ಇನ್ನೊಂದು ಕೈಯಲ್ಲಿ ಆ ಮದ್ದಿಗೆ ಕಿಡಿ ಮುಟ್ಟಿಸುವ ಉರಿಯುವ ಬತ್ತಿ. ಎರಡನ್ನೂ ದೂರ ದೂರ ಹಿಡಿಯುವುದನ್ನು ಕಲಿಯಲು ದೊಡ್ಡವರಿಗೇ ತುಂಬಾ ದಿನ ಹಿಡಿಯುತ್ತದೆ. ನಮ್ಮ ತಂಡದಲ್ಲಿ 16 ತುಂಬದೆ ಯಾವ ಆಯುಧವನ್ನೂ ಕೊಡುವುದಿಲ್ಲ. ನಿಮ್ಮ ತಂಡದ ನಿಯಮವನ್ನು ನಿಮ್ಮ ಅಧಿಕಾರಿಯನ್ನೇ ಕೇಳು.

ನೀರಿನ ಕೆಲಸ ಸಣ್ಣದು ಅಂದುಕೊಳ್ಳಬೇಡ. ಜುಲೈ ಬಿಸಿಲಲ್ಲಿ ದಪ್ಪ ಉಣ್ಣೆ ಹಾಕಿಕೊಂಡು, ತಲೆಗೆ ಕಬ್ಬಿಣದ ಟೋಪಿ ಇಟ್ಟು, 16 ಅಡಿಯ ಪೈಕ್ ಎತ್ತಿ ಹಿಡಿದವರನ್ನು ನೋಡು. ನಮ್ಮ ಯಜಮಾನರು ಒಂದು ಸಲ ಹಾಗೇ ತಲೆ ಸುತ್ತಿ ಕೂತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು. ಮೊದಲು ಗಮನಿಸಿ ಓಡಿಬಂದವನು ನಿನ್ನಷ್ಟೇ ವಯಸ್ಸಿನ ಹುಡುಗ. ಅವರ ಕುತ್ತಿಗೆ ಪಟ್ಟಿ ಸಡಿಲ ಮಾಡಿ, ಗುಟುಕು ಗುಟುಕಾಗಿ ನೀರು ಕುಡಿಸಿದ.

ಈ ಎರಡು ವರ್ಷದಲ್ಲಿ ಡೋಲು ಕಲಿ. ಹೊಗೆ ಎದ್ದಾಗ, ಗಲಾಟೆಯಲ್ಲಿ ಮಾತು ಕೇಳಿಸದಿದ್ದಾಗ, ಆಗಿನ ಸೈನಿಕರಿಗೆ ಮುಂದೆ ಹೋಗು, ಹಿಂದೆ ಬಾ ಅಂತ ಹೇಳುತ್ತಿದ್ದದ್ದು ಡೋಲೇ. ಒಂದೊಂದು ಆಜ್ಞೆಗೂ ಒಂದೊಂದು ಬಡಿತ. ಬರುವ ಜನವರಿಯಲ್ಲಿ ನಾಂಟ್‌ವಿಚ್‌ಗೆ ಅಪ್ಪನ ಜೊತೆ ಬಾ. ನಮ್ಮ ಡೋಲಿನವರ ಪಕ್ಕ ನಿನ್ನನ್ನು ನಿಲ್ಲಿಸುತ್ತೇನೆ. ಕೈಗವಸು ತಾ, ಬಹಳ ಚಳಿ ಇರುತ್ತದೆ.