ಫ್ರೀಲಾನ್ಸ್ ಬಿಟ್ಟು ಏಜೆನ್ಸಿ ಶುರು ಮಾಡುವ ಮುಂಚೆ

ಪ್ರಶ್ನೆ: ಹೊರದೇಶದಲ್ಲಿದ್ದುಕೊಂಡು ಫ್ರೀಲಾನ್ಸ್ ಡೆವಲಪರ್ ಆಗಿ ದುಡಿಯುತ್ತಿದ್ದೇನೆ. ಕೆಲಸ ಒಬ್ಬನ ಕೈಮೀರಿದೆ. ಎಸ್ಟೋನಿಯಾದಲ್ಲಿ ಆನ್‌ಲೈನ್‌ನಲ್ಲೇ ಕಂಪನಿ ತೆರೆದು, ಮೂವರು ರಿಮೋಟ್ ಡೆವಲಪರ್‌ಗಳನ್ನು ಸೇರಿಸಿಕೊಂಡು ಏಜೆನ್ಸಿ ಮಾಡಬಹುದಾ?

ಉತ್ತರ: ಮಾಡಬಹುದು. ಆದರೆ ಕಂಪನಿ ಆಮೇಲೆ. ಮೂವರನ್ನು ಒಟ್ಟಿಗೆ ತೆಗೆದುಕೊಳ್ಳುವುದಂತೂ ಬೇಡವೇ ಬೇಡ. ಮೊದಲು ಒಬ್ಬರಿಗೆ ಒಂದು ಸಣ್ಣ ಕೆಲಸ ಕೊಡಿ, ದುಡ್ಡು ಕೊಟ್ಟೇ ಮಾಡಿಸಿ. ಅವರು ಬರೆದ ಕೋಡನ್ನು ನೀವು ರಾತ್ರಿ ಕೂತು ತಿದ್ದಿ ಬರೆಯದೆ ಕ್ಲೈಂಟ್‌ಗೆ ಒಪ್ಪಿಸಲು ಆಯ್ತಾ? ಆಗಲಿಲ್ಲ ಅಂದರೆ ಸಾಮಾನ್ಯವಾಗಿ ಕೊರತೆ ಅವರದ್ದಲ್ಲ. ಪ್ರಾಜೆಕ್ಟ್ ರನ್ ಮಾಡುವುದು ಹೇಗೆ, ಯಾವ ಟೆಸ್ಟ್ ಪಾಸಾದರೆ ಕೆಲಸ ಮುಗಿದ ಹಾಗೆ, ಈ ಕ್ಲೈಂಟ್‌ಗೆ ಏನು ಕಂಡರೆ ಆಗುವುದಿಲ್ಲ, ಇದೆಲ್ಲ ಇನ್ನೂ ನಿಮ್ಮ ತಲೆಯಲ್ಲೇ ಇದೆ. ಬರೆದಿಡಿ.

ಇನ್ನು ದುಡ್ಡು. ಒಳ್ಳೆಯ ಡೆವಲಪರ್‌ಗಳು ಏಜೆನ್ಸಿ ಮಾಡಿ ಕೈಸುಟ್ಟುಕೊಳ್ಳುವುದು ಇಲ್ಲೇ. ಗಂಟೆಗೆ 60 ಡಾಲರ್ ಬಿಲ್ ಮಾಡಿ 40 ಕೊಟ್ಟರೆ ಉಳಿದ 20 ಲಾಭ ಅಲ್ಲ. ರಿವ್ಯೂ, ಮೀಟಿಂಗ್, ಕೆಲಸವಿಲ್ಲದ ವಾರ, ಎಲ್ಲ ಅದರಲ್ಲೇ ಆಗಬೇಕು. ಬಿಲ್ ಕೊಟ್ಟ 30 ದಿನಕ್ಕೆ ದುಡ್ಡು ಅಂತ ಒಪ್ಪಂದ ಇದ್ದರೆ, ಜನವರಿ ಕೆಲಸದ ಬಿಲ್ ಜನವರಿ ಕೊನೆಗೆ ಹೋಗಿ, ದುಡ್ಡು ಕೈಗೆ ಬರುವ ಹೊತ್ತಿಗೆ ಮಾರ್ಚ್. ಅಷ್ಟರಲ್ಲಿ ನೀವು ಎರಡು ತಿಂಗಳ ಸಂಬಳ ಕೊಟ್ಟಾಗಿರುತ್ತದೆ. ಅಡ್ವಾನ್ಸ್ ಕೇಳಿ, ಸಂಕೋಚ ಬೇಡ.

ಕರಾರು ಪತ್ರವನ್ನೂ ಗಮನವಿಟ್ಟು ಓದಿ. ಕೆಲಸ ಬೇರೆಯವರಿಗೆ ವಹಿಸಲು ಕ್ಲೈಂಟ್ ಒಪ್ಪಿಗೆ ಬೇಕು ಅಂತ ಇರಬಹುದು, ಮೊದಲೇ ಹೇಳಿಬಿಡಿ. ಹೊರಗಿನ ಡೆವಲಪರ್ ಬರೆದ ಕೋಡ್, ಹಕ್ಕು ಬಿಟ್ಟುಕೊಟ್ಟು ಸಹಿ ಹಾಕುವ ತನಕ, ಎಷ್ಟೋ ದೇಶಗಳಲ್ಲಿ ಅವರದ್ದೇ. ನೀವು ಕ್ಲೈಂಟ್‌ಗೆ ಮಾತು ಕೊಟ್ಟಿರುವುದೋ, ಕೋಡ್ ಪೂರ್ತಿ ಕ್ಲೈಂಟಿನದ್ದೇ ಅಂತ.

ಎಸ್ಟೋನಿಯಾ ಸರ್ಕಾರ ಹೊರದೇಶದವರಿಗೆ ಕೊಡುವ ಇ-ರೆಸಿಡೆನ್ಸಿ 2014ರಿಂದ ಇದೆ, ದೂರದಿಂದಲೇ ಕಂಪನಿ ನಡೆಸಲು ಅನುಕೂಲ ನಿಜ. ಆದರೆ ಅದು ಡಿಜಿಟಲ್ ಗುರುತು ಅಷ್ಟೇ, ವೀಸಾ ಅಲ್ಲ. ನಿಮ್ಮ ತೆರಿಗೆಯೂ ಅದರಿಂದ ಅಲ್ಲಿಗೆ ಹೋಗುವುದಿಲ್ಲ. ನೀವು ಎಲ್ಲಿ ಕೂತು ಕಂಪನಿ ನಡೆಸುತ್ತೀರೋ ಆ ದೇಶ ಕಂಪನಿಯ ಲಾಭಕ್ಕೂ ತೆರಿಗೆ ಕೇಳಬಹುದು. ನಿಮ್ಮ ವೀಸಾದಲ್ಲಿ ಸ್ವಂತ ವ್ಯವಹಾರ ಮಾಡಲು ಅವಕಾಶ ಇದೆಯಾ ಅಂತಲೂ ನೋಡಬೇಕು. ತೆರಿಗೆ ವಿಷಯ ನೀವಿರುವ ದೇಶದ ಅಕೌಂಟೆಂಟ್ ಹತ್ತಿರ, ವೀಸಾ ವಿಷಯ ಅಲ್ಲಿನ ವಕೀಲರ ಹತ್ತಿರ ಕೇಳಿ. ಕಂಪನಿ ರಿಜಿಸ್ಟರ್ ಮಾಡಿಕೊಡುತ್ತೇವೆ ಅಂತ ಜಾಹೀರಾತು ಹಾಕುವವರ ಹತ್ತಿರ ಬೇಡ.