ಕಲೆಯ ಕೆಲಸ ಮುಂದೆ ಸಾಗದೆ ನಿಂತುಹೋದ ಕಲಾವಿದರಿಗೆ ಹನ್ನೆರಡು ಹೆಜ್ಜೆಗಳ ಕೂಟ ಹೇಗೆ ನೆರವಾಗುತ್ತದೆ?
ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್ 1939ರಲ್ಲಿ ಪ್ರಕಟಿಸಿದ ಹನ್ನೆರಡು ಹೆಜ್ಜೆಗಳ ಕ್ರಮವೇ ಕಲಾವಿದರ ಈ ಕೂಟಕ್ಕೂ ತಳಹದಿ. ಆದರೆ ಇಲ್ಲಿ ಬಿಡಬೇಕಾದದ್ದು ಕಲೆಯನ್ನಲ್ಲ, ಅದರಿಂದ ತಪ್ಪಿಸಿಕೊಳ್ಳುವ ಚಾಳಿಯನ್ನು. 'ಮನಸ್ಸು ಗಟ್ಟಿ ಮಾಡಿದರೆ ಸಾಕು' ಎಂಬ ಹಟ ಸೋತಿದೆಯೆಂದು ಒಪ್ಪುವುದು ಮೊದಲ ಹೆಜ್ಜೆ.

ನಿಜವಾದ ಕೆಲಸ ನಾಲ್ಕನೆಯ ಹೆಜ್ಜೆಯಲ್ಲಿದೆ: ತನ್ನನ್ನು ತಾನೇ ಪರಿಶೀಲಿಸಿ ಬರೆಯುವುದು. ಹಾಳೆಯಲ್ಲಿ ನಾಲ್ಕು ಕಾಲಮ್ಮು ಹಾಕಿ: ಯಾರ ಮೇಲೆ ಸಿಟ್ಟು, ಏಕೆ, ಅದು ನನ್ನಲ್ಲಿ ಏನನ್ನು ಘಾಸಿಗೊಳಿಸಿತು, ನನ್ನ ಪಾಲೆಷ್ಟು. ಹಳೆಯ ಟೀಕೆ, ಹೊಟ್ಟೆಕಿಚ್ಚು, ಅರ್ಧಕ್ಕೆ ಬಿಟ್ಟ ಕೃತಿ ಎಲ್ಲವೂ ಬರಲಿ. ಕೊನೆಯ ಕಾಲಮ್ಮು ಖಾಲಿ ಬಿಟ್ಟರೆ ಅದು ಬರೀ ದೂರಿನ ಪಟ್ಟಿ. ಐದನೆಯ ಹೆಜ್ಜೆಯಲ್ಲಿ ಇದನ್ನು ನಂಬಿಕಸ್ಥರೊಬ್ಬರಿಗೆ, ಸಾಮಾನ್ಯವಾಗಿ ಸ್ಪಾನ್ಸರ್‌ಗೆ (ಈ ಹೆಜ್ಜೆಗಳಲ್ಲಿ ದಾರಿ ತೋರುವ ಹಳೆಯ ಸದಸ್ಯರಿಗೆ), ಹೇಳಿಕೊಳ್ಳಬೇಕು. ಬರೆದು ಮುಚ್ಚಿಟ್ಟರೆ ನಾಚಿಕೆ ಹಾಗೇ ಉಳಿಯುತ್ತದೆ.

ಜೊತೆಗೆ ದಿನಕ್ಕೆ ಐದೇ ನಿಮಿಷ ಕಲೆಗೆ ಕೊಡಿ. ಮೊದಲ ವಾರವೇ ಎರಡು ಗಂಟೆ ಎಂದು ಪಣ ತೊಟ್ಟವರು ಒಂದು ದಿನ ತಪ್ಪಿದೊಡನೆ ಪೂರ್ತಿ ಕೈಬಿಡುತ್ತಾರೆ. ಕೆಲಸಕ್ಕೆ ಕುಳಿತಾಗ ಮತ್ತು ಮುಗಿಸಿ ಎದ್ದಾಗ ಕೂಟದ ಜೊತೆಗಾರರಿಗೊಂದು ಮೆಸೇಜು ಹಾಕಿದರೆ ನೆಪಗಳು ಕಡಿಮೆಯಾಗುತ್ತವೆ.

ಸದಸ್ಯತ್ವ ಶುಲ್ಕವಿಲ್ಲ, ಹೆಸರು ಗುಟ್ಟು. ಆದರೆ ಸಭೆಯಲ್ಲಿ ಕೃತಿವಿಮರ್ಶೆ ಶುರುವಾದರೆ ಹೊಸಬರು ಬಾಯಿ ಮುಚ್ಚಿಕೊಳ್ಳುತ್ತಾರೆ. ಸಭೆಗೆ ತಪ್ಪದೆ ಬಂದು ಕುಂಚ ಮುಟ್ಟದಿರುವುದೂ ತಪ್ಪಿಸಿಕೊಳ್ಳುವ ಇನ್ನೊಂದು ದಾರಿಯೇ. ತೀವ್ರ ಖಿನ್ನತೆಯಿದ್ದರೆ ಮೊದಲು ವೈದ್ಯರನ್ನು ಕಾಣಿ.