ರಕ್ಷಣೆ ಒಂದು ಕಾಗದದಲ್ಲಿ, ಎಣ್ಣೆ ಇನ್ನೊಂದರಲ್ಲಿ

ನಮಸ್ಕಾರ.

ಕುವೈತ್ ಮತ್ತು ಬ್ರಿಟಿಷರ ಒಪ್ಪಂದಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೂ ತಿದ್ದಿ ಕಳಿಸಿ ಎಂದು ಕೇಳುತ್ತಿದ್ದೇವೆ. ನಮ್ಮ ಕರಾವಳಿಯಲ್ಲಿ ಕುವೈತಿನ ದುಡಿಮೆಯಿಂದ ಮನೆ ಕಟ್ಟಿದ ಕುಟುಂಬಗಳು ಎಷ್ಟೋ ಇವೆ. ಆ ದೇಶದ ಚರಿತ್ರೆ ಅವರಿಗೆ ಕನ್ನಡದಲ್ಲಿ ಸರಿಯಾಗಿ ಸಿಗಬೇಕು ಎಂಬುದು ನಮ್ಮ ಆಸೆ.

ನಿಮ್ಮ ಮೊದಲ ವಾಕ್ಯ ಹೀಗಿದೆ: "1899ರಲ್ಲಿ ಬ್ರಿಟನ್ ಸೈನ್ಯದ ರಕ್ಷಣೆ ಕೊಟ್ಟು ಕುವೈತಿನ ಎಣ್ಣೆಯನ್ನು ಬರೆಸಿಕೊಂಡಿತು." ಓದಲು ಚೆನ್ನಾಗಿದೆ, ನಿಜವಲ್ಲ. ಆ ವರ್ಷದ ಕಾಗದದಲ್ಲಿ ಎಣ್ಣೆಯ ಮಾತಿಲ್ಲ, ಸೈನ್ಯದ ಮಾತೂ ಇಲ್ಲ. ಲೇಖನದ ಉಳಿದ ಭಾಗವೆಲ್ಲ ಈ ವಾಕ್ಯವನ್ನೇ ನಂಬಿ ನಿಂತಿದೆ. ಹಾಗಾಗಿ ಅಲ್ಲಲ್ಲಿ ತೇಪೆ ಹಾಕಿದರೆ ಸಾಲದು, ತಳಪಾಯದಿಂದ ಕಟ್ಟಬೇಕು.

1899ರ ಜನವರಿ 23ರಂದು ಸಹಿಯಾದ ಆ ಕಾಗದವನ್ನು ಸಾಲು ಸಾಲಾಗಿ ಓದಿ. ಶೇಖ್ ಮುಬಾರಕ್ ಅಲ್ ಸಬಾಹ್ ತನಗೂ ತನ್ನ ವಾರಸುದಾರರಿಗೂ ಕಟ್ಟು ಹಾಕಿಕೊಂಡದ್ದು ಎರಡು ವಿಷಯಕ್ಕೆ. ಬ್ರಿಟಿಷ್ ಸರ್ಕಾರದ ಒಪ್ಪಿಗೆಯಿಲ್ಲದೆ ಬೇರೆ ದೇಶದ ಪ್ರತಿನಿಧಿಯನ್ನು ಕುವೈತಿಗೆ ಬರಮಾಡಿಕೊಳ್ಳುವಂತಿಲ್ಲ. ತನ್ನ ನೆಲದ ಯಾವ ತುಂಡನ್ನೂ ಬೇರೆ ಸರ್ಕಾರಕ್ಕಾಗಲಿ ಅದರ ಪ್ರಜೆಗಳಿಗಾಗಲಿ ಬಿಟ್ಟುಕೊಡುವಂತಿಲ್ಲ, ಮಾರುವಂತಿಲ್ಲ, ಗುತ್ತಿಗೆಗೆ ಕೊಡುವಂತಿಲ್ಲ, ಅಡವಿಡುವಂತಿಲ್ಲ. ಆತನಿಗೆ ಸಿಕ್ಕಿದ್ದು ಪರ್ಷಿಯಾದ ಬುಶೇರ್ ಬಂದರಿನ ಬ್ರಿಟಿಷ್ ಖಜಾನೆಯಿಂದ 15,000 ರೂಪಾಯಿ, ಜೊತೆಗೆ ಅಲ್ಲಿನ ರೆಸಿಡೆಂಟ್, ಅಂದರೆ ಬ್ರಿಟಿಷ್ ರಾಜಕೀಯ ಪ್ರತಿನಿಧಿ, ಕರ್ನಲ್ ಮೀಡ್ ಬರೆದುಕೊಟ್ಟ ಒಂದು ಪ್ರತ್ಯೇಕ ಪತ್ರ. ಆ ಪತ್ರದಲ್ಲಿರುವುದು, ಷರತ್ತುಗಳನ್ನು ನಿಷ್ಠೆಯಿಂದ ಪಾಲಿಸುವವರೆಗೆ ಬ್ರಿಟಿಷ್ ಸರ್ಕಾರದ 'ಸದ್ಭಾವದ ನೆರವು' ಇರುತ್ತದೆ ಎಂಬ ಭರವಸೆ. ರಾಯಭಾರದ ಭಾಷೆಯಲ್ಲಿ ಇದು ಬೇಕೆಂದೇ ಸಡಿಲ ಬಿಟ್ಟ ಮಾತು. ಮಧ್ಯಸ್ಥಿಕೆಯೂ ಆಗಬಹುದು, ಬರೀ ಒಂದು ಪತ್ರವೂ ಆಗಬಹುದು. ರಕ್ಷಣೆ ಎಂಬ ಪದವನ್ನು ಅವರು ತಪ್ಪಿಸಿದ್ದು ಅಕಸ್ಮಾತ್ ಅಲ್ಲ. ಹಾಗೆ ಬರೆದರೆ ಕುವೈತ್ ತನ್ನದೆನ್ನುತ್ತಿದ್ದ ಒಟ್ಟೊಮನ್ ಸಾಮ್ರಾಜ್ಯದ ಜೊತೆ ನೇರ ಜಗಳಕ್ಕೆ ನಿಂತಂತಾಗುತ್ತಿತ್ತು. ಒಪ್ಪಂದವನ್ನು ಗುಟ್ಟಾಗಿ ಇಟ್ಟದ್ದೂ ಅದಕ್ಕೇ.

ಹಾಗಾದರೆ ಬ್ರಿಟಿಷರಿಗೆ ಆಗ ಬೇಕಿದ್ದದ್ದೇನು? ಬೇರೆಯವರ ರೈಲು ಪರ್ಷಿಯನ್ ಕೊಲ್ಲಿಗೆ ಬರಬಾರದು, ಅಷ್ಟೇ. ರಷ್ಯಾದ ಕೌಂಟ್ ಕಪ್ನಿಸ್ಟ್ ಮೆಡಿಟರೇನಿಯನ್ ದಡದಿಂದ ಕುವೈತಿನವರೆಗೆ ಹಳಿ ಹಾಕುವ ಯೋಜನೆ ಮುಂದಿಟ್ಟಿದ್ದ. ಜರ್ಮನರ ಬಾಗ್ದಾದ್ ರೈಲ್ವೆಯೂ ಕೊನೆಯ ನಿಲ್ದಾಣಕ್ಕಾಗಿ ಕೊಲ್ಲಿಯ ದಡ ಹುಡುಕುತ್ತಿತ್ತು. 1900ರ ಆರಂಭದಲ್ಲಿ ಜರ್ಮನ್ ತಂಡ ಕುವೈತಿಗೇ ಬಂದು ಜಾಗ ಕೇಳಿತು. ಮುಬಾರಕ್ ಕೊಡಲಿಲ್ಲ. ಆ ಗುಟ್ಟಿನ ಕಾಗದ ಹೇಗೆ ಕೆಲಸ ಮಾಡಿತು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ನಿಮ್ಮ ಲೇಖನದಲ್ಲಿ ರೈಲು ಎಂಬ ಪದವೇ ಇಲ್ಲ. ಈ ಪ್ರದೇಶದಲ್ಲಿ ಮೊದಲು ಎಣ್ಣೆ ಸಿಕ್ಕಿದ್ದು 1908ರಲ್ಲಿ, ಅದೂ ಪರ್ಷಿಯಾದ ಮಸ್ಜಿದ್ ಸುಲೇಮಾನ್‌ನಲ್ಲಿ. ಒಂಬತ್ತು ವರ್ಷ ಮುಂಚಿನ ಒಪ್ಪಂದಕ್ಕೆ ಎಣ್ಣೆಯನ್ನು ಕಾರಣ ಮಾಡಬೇಡಿ.

ಮುಬಾರಕ್‌ನನ್ನು ನೀವು 'ಮುಗ್ಧ ಮರುಭೂಮಿಯ ನಾಯಕ' ಎಂದು ಕರೆದಿದ್ದೀರಿ. ಆ ಮಾತು ತೆಗೆಯಿರಿ. ಆತ 1896ರಲ್ಲಿ ತನ್ನ ಇಬ್ಬರು ಸಹೋದರರನ್ನು ಕೊಂದು ಗದ್ದುಗೆ ಏರಿದವನು. ಮರುವರ್ಷ ತಾನೇ ಬ್ರಿಟಿಷರ ಆಶ್ರಯ ಕೇಳಿದ, ಅವರು ಆಗ ಒಪ್ಪಲಿಲ್ಲ. ಎರಡು ವರ್ಷದ ನಂತರ ಅವರಿಗೆ ಗರಜು ಬಂತು, ಒಪ್ಪಿದರು. ಒಬ್ಬ ಚಾಣಾಕ್ಷನನ್ನು ಮುಗ್ಧನಾಗಿ ಚಿತ್ರಿಸಿದರೆ ಸಾಮ್ರಾಜ್ಯದ ತಪ್ಪು ಹೆಚ್ಚಾಗುವುದಿಲ್ಲ, ಆತನ ಲೆಕ್ಕಾಚಾರ ಮಾತ್ರ ಓದುಗರಿಂದ ಮರೆಯಾಗುತ್ತದೆ.

ಮೈಸೂರಿನ ಹೋಲಿಕೆ ತಂದದ್ದು ಒಳ್ಳೆಯ ಯೋಚನೆ, ಆದರೆ ಅದನ್ನು ತಲೆಕೆಳಗಾಗಿ ಬಳಸಿದ್ದೀರಿ. 1799ರ ಸಹಾಯಕ ಸೈನ್ಯದ ಒಪ್ಪಂದದಲ್ಲಿ ಕಂಪನಿಯ ಪಡೆ ಮೈಸೂರಿನಲ್ಲೇ ಬೀಡುಬಿಟ್ಟಿತು, ಅದರ ಖರ್ಚಿಗೆ ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ (ಆಗಿನ ಚಿನ್ನದ ನಾಣ್ಯ) ಕೊಡಬೇಕಾಯಿತು. ಕುವೈತಿನಲ್ಲಿ ಕಾಯಂ ಪಡೆ ಇಡಲಿಲ್ಲ, ದುಡ್ಡು ಕೊಟ್ಟವರು ಬ್ರಿಟಿಷರೇ. ಅಲ್ಲಿನ ರಕ್ಷಣೆ ಎಂದರೆ ಕಡಲಲ್ಲಿ ನಿಂತ ಹಡಗು. 1901ರ ಆಗಸ್ಟಿನಲ್ಲಿ ಒಟ್ಟೊಮನ್ ಹಡಗು ಜುಹಾಫ್ ಕುವೈತಿಗೆ ಬಂದಾಗ, ಪಡೆ ಇಳಿಸಲು ಬಿಡುವುದಿಲ್ಲ ಎಂದು ಬ್ರಿಟಿಷ್ ಯುದ್ಧನೌಕೆ ಪರ್ಸಿಯಸ್‌ನ ಕಪ್ತಾನ ಹೇಳಿದ, ಅದು ವಾಪಸಾಯಿತು. ಈ ವ್ಯತ್ಯಾಸವನ್ನೇ ಹೋಲಿಕೆಯ ತಿರುಳಾಗಿ ಮಾಡಿ. ಎರಡೂ ಕಡೆ ಇದ್ದದ್ದು ಒಂದೇ, ರೆಸಿಡೆಂಟ್ ಎಂಬ ಹುದ್ದೆ. ಬುಶೇರಿನ ರೆಸಿಡೆಂಟ್ ವರದಿ ಒಪ್ಪಿಸುತ್ತಿದ್ದದ್ದು ಭಾರತ ಸರ್ಕಾರಕ್ಕೆ. ನೀವು ಎಲ್ಲ ಕಡೆ 'ಲಂಡನ್ ತೀರ್ಮಾನಿಸಿತು' ಎಂದು ಬರೆದಿದ್ದೀರಿ. 1899ರ ಒಪ್ಪಂದಕ್ಕೆ ಅಂಗೀಕಾರ ಕೊಟ್ಟು ಸಹಿ ಮಾಡಿದ್ದು ವೈಸರಾಯ್ ಕರ್ಜನ್. ಲಂಡನ್ನಿನ ಅನುಮತಿ ಇತ್ತು, ಆದರೆ ದುಡ್ಡು ರೂಪಾಯಿ, ಕಚೇರಿ ಭಾರತದ್ದು. ಕನ್ನಡ ಓದುಗರಿಗೆ ಈ ಎಳೆ ಮುಖ್ಯ.

ಎಣ್ಣೆ ಕಾಗದಕ್ಕೆ ಬರುವುದು 1913ರ ಅಕ್ಟೋಬರ್ 27ರಂದು. ನಿಮ್ಮ ಲೇಖನ ಅಲ್ಲಿಂದಲೇ ಶುರುವಾಗಲಿ ಎಂಬುದು ನಮ್ಮ ಗಟ್ಟಿ ಸಲಹೆ. ಬ್ರಿಟಿಷ್ ನೌಕಾಪಡೆ ಆಗ ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಹೊರಳುತ್ತಿತ್ತು. ನಿಕ್ಷೇಪಗಳ ಪರಿಶೀಲನೆಗೆ ಅಡ್ಮಿರಲ್ ಸ್ಲೇಡ್ ಬಂದ. ರೆಸಿಡೆಂಟ್ ಪರ್ಸಿ ಕಾಕ್ಸ್‌ಗೆ ಮುಬಾರಕ್ ಬರೆದ ಪತ್ರ ಚಿಕ್ಕದು. ಬುರ್ಗಾನ್ ಮತ್ತಿತರ ಕಡೆ ಡಾಂಬರು ಜಿನುಗುವ ಜಾಗ ತೋರಿಸಲು ತನ್ನ ಮಗನೊಬ್ಬನನ್ನು ಅಡ್ಮಿರಲ್ ಜೊತೆ ಕಳಿಸುತ್ತೇನೆ, ಅಲ್ಲಿ ಎಣ್ಣೆ ಸಿಗುವ ಭರವಸೆ ಕಂಡರೆ ಬ್ರಿಟಿಷ್ ಸರ್ಕಾರ ನೇಮಿಸಿದವರಿಗಲ್ಲದೆ ಬೇರೆ ಯಾರಿಗೂ ಹಕ್ಕು ಕೊಡುವುದಿಲ್ಲ ಎನ್ನುತ್ತಾನೆ. ಬುರ್ಗಾನ್ ಎಂಬ ಹೆಸರನ್ನು ಓದುಗರ ಕಣ್ಣಿಗೆ ಬೀಳುವಂತೆ ಅಲ್ಲಿಯೇ ಇಡಿ. ಇಪ್ಪತ್ತೈದು ವರ್ಷದ ನಂತರ, 1938ರ ಫೆಬ್ರವರಿಯಲ್ಲಿ, ಎಣ್ಣೆ ಉಕ್ಕಿದ್ದು ಅಲ್ಲೇ.

ಈ ಪತ್ರದಲ್ಲಿ ಶೇಖ್ ಕೊಟ್ಟದ್ದಿದೆ, ಪ್ರತಿಯಾಗಿ ಪಡೆದದ್ದು ಏನೂ ಇಲ್ಲ. ಇನ್ನು 'ಬ್ರಿಟಿಷ್ ರಕ್ಷಣೆಯಲ್ಲಿರುವ ಸ್ವತಂತ್ರ ಸರ್ಕಾರ' ಎಂಬ ಸ್ಪಷ್ಟ ಮಾತು ಬರುವುದು 1914ರ ನವೆಂಬರ್ 3ರ ಪತ್ರದಲ್ಲಿ. ಅದಕ್ಕೆ ಕೇಳಿದ ಬೆಲೆ ಎಣ್ಣೆಯಲ್ಲ, ತುರ್ಕಿಯ ವಿರುದ್ಧ ಬಸ್ರಾ ಯುದ್ಧದಲ್ಲಿ ಸಹಾಯ. ಅದೇ ಪತ್ರದಲ್ಲಿ ಇನ್ನೊಂದು ವಾಗ್ದಾನವಿದೆ: ಫಾವ್‌ನಿಂದ ಕುರ್ನಾವರೆಗಿನ ಶೇಖನ ಖರ್ಜೂರದ ತೋಟಗಳು ತೆರಿಗೆಯಿಲ್ಲದೆ ಆತನ ವಂಶಕ್ಕೇ ಉಳಿಯುತ್ತವೆ ಎಂದು. ಆ ತೋಟಗಳಿದ್ದದ್ದು ಇನ್ನೊಬ್ಬರ ನೆಲದಲ್ಲಿ. ಇರಾಕ್ ಎಂಬ ದೇಶ ರೂಪುಗೊಂಡ ಮೇಲೆ ಅವುಗಳ ತೆರಿಗೆ, ಒಡೆತನ ಎರಡೂ ದೀರ್ಘಕಾಲದ ತಕರಾರಾದವು. ಕಾಯುತ್ತೇನೆ ಎಂದವರ ಮಾತು ಎಷ್ಟು ದೂರ ನಡೆಯುತ್ತದೆ ಎಂದು ತೋರಿಸಲು ಈ ತೋಟಗಳು ಸಾಕು. ನಿಮ್ಮ ಲೇಖನದಲ್ಲಿ ನಾಲ್ಕು ಕಡೆ 'ಬಿಳಿಯರ ಕುತಂತ್ರ' ಎಂದಿದೆ. ಆ ನಾಲ್ಕನ್ನೂ ಹೊಡೆದುಹಾಕಿ, ಒಂದು ಪ್ಯಾರಾ ಖರ್ಜೂರದ ತೋಟ ಬರೆಯಿರಿ.

ಕುವೈತಿನ ಗಡಿ ತೀರ್ಮಾನವಾದ ಉಕೈರ್ ಸಭೆಗೆ ಇನ್ನಷ್ಟು ಜಾಗ ಕೊಡಿ. 1922ರ ಕೊನೆಯಲ್ಲಿ ಕಾಕ್ಸ್ ಗಡಿ ಎಳೆದಾಗ, 1913ರ ಆಂಗ್ಲೋ-ಒಟ್ಟೊಮನ್ ಕರಡಿನಲ್ಲಿ ಕುವೈತಿಗೆಂದು ಗುರುತಿಸಿದ್ದ ನೆಲದಲ್ಲಿ ಸುಮಾರು ಮೂರನೇ ಎರಡು ಭಾಗ ನಜ್ದ್ ರಾಜ್ಯದ (ಮುಂದೆ ಸೌದಿ ಅರೇಬಿಯಾ) ದೊರೆ ಇಬ್ನ್ ಸೌದ್ ಪಾಲಾಯಿತು. ಆಗ ಕುವೈತನ್ನು ಆಳುತ್ತಿದ್ದ ಶೇಖ್ ಅಹ್ಮದ್ ಅಲ್ಲಿರಲಿಲ್ಲ. ಆತನ ಪರವಾಗಿ ಸಹಿ ಹಾಕಿದ್ದು ಪೊಲಿಟಿಕಲ್ ಏಜೆಂಟ್ ಮೇಜರ್ ಮೋರ್, ಅಂದರೆ ಬ್ರಿಟಿಷ್ ಅಧಿಕಾರಿಯೇ. ಕುವೈತ್ ಮತ್ತು ನಜ್ದ್ ಸಮಪಾಲಿನಲ್ಲಿ ಇಟ್ಟುಕೊಂಡ ತಟಸ್ಥ ವಲಯದಲ್ಲಿ, ವಫ್ರಾದಲ್ಲಿ, 1953ರಲ್ಲಿ ಎಣ್ಣೆ ಸಿಕ್ಕಿತು. ಕಾಕ್ಸ್ ಕೆಂಪು ಪೆನ್ಸಿಲ್ ತೆಗೆದುಕೊಂಡು ನಕ್ಷೆಯ ಮೇಲೆ ಗೆರೆ ಎಳೆದ ದೃಶ್ಯವನ್ನು ನೀವು ಕಣ್ಣಾರೆ ಕಂಡಂತೆ ಬರೆದಿದ್ದೀರಿ. ಅದು ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಹೆರಾಲ್ಡ್ ಡಿಕ್ಸನ್ ದಶಕಗಳ ನಂತರ ಹೇಳಿದ್ದು. ಹೇಳಿದವರು ಯಾರು, ಯಾವಾಗ ಹೇಳಿದರು ಎಂಬುದು ಅದೇ ವಾಕ್ಯದಲ್ಲಿ ಬರಲಿ.

ಈಗ ಹಣದ ಲೆಕ್ಕ, ನಿಮ್ಮ ಲೇಖನದ ಅತಿ ದುರ್ಬಲ ಭಾಗ. 'ಪುಡಿಗಾಸಿಗೆ ಮಾರಿದರು' ಎಂದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. 1934ರ ಡಿಸೆಂಬರ್ 23ರಂದು ಶೇಖ್ ಅಹ್ಮದ್ ಕುವೈತ್ ಆಯಿಲ್ ಕಂಪನಿಗೆ ಕೊಟ್ಟದ್ದು ಇಡೀ ದೇಶದ ಎಣ್ಣೆಯ ಹಕ್ಕು, 75 ವರ್ಷಕ್ಕೆ. ಆ ಕಂಪನಿಯಲ್ಲಿ ಅರ್ಧ ಬ್ರಿಟಿಷ್ ಎಣ್ಣೆ ಕಂಪನಿ ಆಂಗ್ಲೋ-ಪರ್ಷಿಯನ್ನದು, ಅರ್ಧ ಅಮೆರಿಕದ ಗಲ್ಫ್‌ನದು. ಸಹಿಯ ಹೊತ್ತಿಗೆ 4,75,000 ರೂಪಾಯಿ. ಎಣ್ಣೆ ಸಿಗುವವರೆಗೆ ವರ್ಷಕ್ಕೆ ಕನಿಷ್ಠ 95,000. ಸಿಕ್ಕ ಮೇಲೆ ಟನ್ನಿಗೆ 3 ರೂಪಾಯಿ ರಾಜಧನ ಅಥವಾ ಎರಡೂವರೆ ಲಕ್ಷ, ಯಾವುದು ಹೆಚ್ಚೋ ಅದು. ಇದನ್ನು ಬಿಡಿಸಿ ತೋರಿಸಿ. ಒಂದು ಟನ್ನಿಗೆ ಏಳು ಚಿಲ್ಲರೆ ಬ್ಯಾರಲ್. ಮೂರು ರೂಪಾಯಿಗೆ 48 ಆಣೆ. ಅಂದರೆ ಬ್ಯಾರಲ್ಲಿಗೆ ಸುಮಾರು ಆರೂವರೆ ಆಣೆ. ವರ್ಷಕ್ಕೆ 83,333 ಟನ್ ದಾಟಿದರೆ ಮಾತ್ರ ರಾಜಧನ ಆ ಕನಿಷ್ಠ ಮೊತ್ತವನ್ನು ಮೀರುತ್ತದೆ. ಇವತ್ತಿನ ಡಾಲರಿಗೆ ಪರಿವರ್ತಿಸಬೇಡಿ, ಓದುಗರಿಗೆ ದಾರಿ ತಪ್ಪುತ್ತದೆ. ಬೇಕಿದ್ದರೆ ಆಗಿನ ದರ ಬಳಸಿ: ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್, ಅಂದರೆ ಮೊದಲ ಕಂತು 35,625 ಪೌಂಡ್.

ಶೇಖ್ ಅಷ್ಟಕ್ಕೆ ಯಾಕೆ ಒಪ್ಪಿದ ಎಂಬುದನ್ನೂ ಹೇಳಬೇಕು. ಜಪಾನಿನ ಸಾಕಿದ ಮುತ್ತು ಮತ್ತು ಜಗತ್ತಿನ ಆರ್ಥಿಕ ಕುಸಿತ ಸೇರಿ ಮುತ್ತಿನ ವ್ಯಾಪಾರ ಮುರಿದುಬಿದ್ದಿತ್ತು, ಸೌದಿ ಕಡೆಯಿಂದ ವರ್ಷಗಟ್ಟಲೆ ವ್ಯಾಪಾರ ದಿಗ್ಬಂಧನವಿತ್ತು. ಇಷ್ಟಾದರೂ ಆತ ಗಲ್ಫ್ ಮತ್ತು ಆಂಗ್ಲೋ-ಪರ್ಷಿಯನ್ನನ್ನು ವರ್ಷಗಳ ಕಾಲ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದ. ಇಬ್ಬರೂ ಒಂದಾದ ಮೇಲೆ ಆತನ ಚೌಕಾಶಿಯ ಬಲ ಕುಗ್ಗಿತು. 1913ರ ವಚನದ ಭಾರವೂ ಇಲ್ಲೇ ಗೊತ್ತಾಗುತ್ತದೆ. ಹಕ್ಕು ಬ್ರಿಟಿಷ್ ಕಂಪನಿಗೇ ಹೋಗಬೇಕೆಂದು ಬ್ರಿಟಿಷ್ ಸರ್ಕಾರ ಹಟ ಹಿಡಿದಿತ್ತು, 1932ರಲ್ಲಿ ಅಮೆರಿಕದ ಒತ್ತಡಕ್ಕೆ ಸಡಿಲಿಸಿತು.

ಕೊನೆಯ ಎರಡು ಪುಟ, 1990ರ ಯುದ್ಧದ ಭಾಗ, ಪೂರ್ತಿ ಕೈಬಿಡಿ. ಅದು ಬೇರೆಯೇ ಲೇಖನ. ಈ ಕಥೆ 1961ಕ್ಕೆ ನಿಲ್ಲಬೇಕು. ಜೂನ್ 19ರಂದು ಪತ್ರ ವಿನಿಮಯವಾಗಿ 1899ರ ಒಪ್ಪಂದ ರದ್ದಾಯಿತು, ಕೇಳಿದರೆ ನೆರವಿಗೆ ಬರುತ್ತೇವೆ ಎಂಬ ಮಾತನ್ನು ಬ್ರಿಟನ್ ಉಳಿಸಿಕೊಂಡಿತು. ಆರು ದಿನಕ್ಕೆ ಇರಾಕಿನ ಪ್ರಧಾನಿ ಖಾಸಿಂ ಕುವೈತ್ ತನ್ನದು ಎಂದ. ಜುಲೈ 1ರಂದು ಬ್ರಿಟಿಷ್ ಪಡೆ ಬಂದಿಳಿಯಿತು. ನೀವು 1899ಕ್ಕೆ ಹೊರಿಸಿದ ಸೈನ್ಯ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಆ ಒಪ್ಪಂದ ಸತ್ತು ಹನ್ನೆರಡು ದಿನವಾದ ಮೇಲೆ. ಅಷ್ಟು ಹೊತ್ತಿಗೆ ಕಾಯಬೇಕಾದ ಎಣ್ಣೆ ಹದಿನೈದು ವರ್ಷದಿಂದ ಹಡಗು ಹತ್ತುತ್ತಿತ್ತು.

ಎರಡನೇ ಕರಡು 1,800 ಪದ ಮೀರದಿರಲಿ. ಪ್ರತಿ ಒಪ್ಪಂದ ಬಂದಾಗಲೂ ಸಹಿ ಮಾಡಿದವರು ಯಾರು, ಕಟ್ಟುಬಿದ್ದವರು ಯಾರು, ಪಕ್ಕದಲ್ಲಿಟ್ಟ ಪತ್ರದಲ್ಲಿ ಏನಿತ್ತು ಎಂಬ ಮೂರಕ್ಕೂ ಉತ್ತರ ಸಿಗಬೇಕು. ಜೊತೆಗೊಂದು ಕೈಬರಹದ ನಕ್ಷೆ ಕಳಿಸಿ: 1913ರ ಹೊರಗೆರೆ, 1922ರ ಗಡಿ, ತಟಸ್ಥ ವಲಯ, ಬುರ್ಗಾನ್, ಫಾವ್. ಅದನ್ನು ಅಚ್ಚಿಗೆ ತಕ್ಕಂತೆ ಬರೆಸುವ ಕೆಲಸ ನಮ್ಮದು.

— ಸಂಪಾದಕರು